ಬೆನ್ನು ಬಿಟ್ಟು ಹೊಲಿದ ಕುಬಸ

ಫೋನಿನಲ್ಲಿ ಯಾರಾದರೂ ‘ಆರಾಮಿಲ್ಲ, ಬೇಗ ಬನ್ನಿ’ ಅಂದರೆ ನಾನು ಸೀದಾ ಕೇಳಿಬಿಡುತ್ತೇನೆ: ಜೀವ ಇದೆಯೋ, ಹೋಯಿತೋ? ಹೀಗೆ ಕೇಳುವುದರಿಂದ ನಾರಾಯಣಖೇಡದಲ್ಲಿ ನನಗೆ ಒರಟ ಎಂಬ ಹೆಸರು ಬಂದಿದೆ. ಬೀಗರೊಬ್ಬರು ನನ್ನೊಡನೆ ಮಾತನ್ನೇ ಬಿಟ್ಟಿದ್ದಾರೆ. ಅವರ ತಾಯಿಗೆ ಬರೀ ಜ್ವರ ಬಂದಿತ್ತಂತೆ, ನಾನು ಹಾಗೆ ಕೇಳಿದ್ದು ಅಪಶಕುನವಾಯಿತಂತೆ. ಬಿಡಲಿ. ಅಪಶಕುನ ಅಂದರೆ ಏನೆಂದು ನನಗೆ ಗೊತ್ತಿರುವಷ್ಟು ಅವರಿಗೆ ಗೊತ್ತಿಲ್ಲ. ಒಮ್ಮೆ ಅದನ್ನು ನಾನು ಚೀಲದಲ್ಲಿ ಹಾಕಿಕೊಂಡು ಜಹೀರಾಬಾದಿನಿಂದ ತಾಂಡೂರಿನ ತನಕ ಹೊತ್ತವನು.

ನಮ್ಮ ಸೀಮೆಯಲ್ಲಿ ಸಾವಿನ ಸುದ್ದಿಯನ್ನು ಫೋನಿನಲ್ಲಿ ಹೇಳುವುದಿಲ್ಲ. ಸತ್ತವರನ್ನು ಗೋಡೆಗೆ ಆನಿಸಿ ಕೂಡಿಸಿ, ಹಣೆಗೆ ವಿಭೂತಿ ಹಚ್ಚಿ ಆದಮೇಲೂ ಅಂಗಳದಲ್ಲಿ ನಿಂತು ಫೋನ್ ಮಾಡುವವನು ‘ಆರಾಮಿಲ್ಲ’ ಎಂದೇ ಅನ್ನುತ್ತಾನೆ. ದಾರಿ ಮೇಲಿರುವವರ ಎದೆ ಒಡೆಯಬಾರದು ಎಂಬ ದಯೆ ಅದು. ಕೇಳುವವನೂ ಮರುಪ್ರಶ್ನೆ ಹಾಕುವುದಿಲ್ಲ. ಹಾಕಿದರೆ ಆತ ಬಾಯಿಬಿಟ್ಟು ಹೇಳಬೇಕಾಗುತ್ತದೆ. ನಮ್ಮಪ್ಪ ತೀರಿದಾಗ ತಾಂಡೂರಿನಲ್ಲಿದ್ದ ಅಕ್ಕನಿಗೆ ನಾನೇ ಹಾಗೆ ಫೋನ್ ಮಾಡಿದ್ದೆ. ಆಕೆ ಏನೂ ಕೇಳದೆ ಇಟ್ಟುಬಿಟ್ಟಳು, ಬಸ್ಸಿನುದ್ದಕ್ಕೂ ಅಳುತ್ತ ಬಂದಳು. ಪಕ್ಕದ ಸೀಟಿನ ಗುರುತಿಲ್ಲದ ಹೆಂಗಸರೂ ಅವಳ ಜೊತೆ ಅತ್ತರಂತೆ. ಅವ್ವ ಹೋದಾಗಲೂ ಹಾಗೆಯೇ ಆಯಿತು.

ನಾನು ಟೇಲರ್. ನಮ್ಮದು ಸಿಂಪಿಗರ ಮನೆ, ಅಪ್ಪ ಅಜ್ಜ ಎಲ್ಲ ಹೊಲಿದೇ ಬದುಕಿದವರು. ಬಸ್ ಸ್ಟ್ಯಾಂಡಿಗೆ ಹೋಗುವ ಸಂದಿಯಲ್ಲಿ ನನ್ನ ಅಂಗಡಿ. ರೆಡಿಮೇಡ್ ಬಂದ ಮೇಲೆ ಗಂಡಸರು ನನ್ನನ್ನು ಬಿಟ್ಟರು. ಹೆಂಗಸರ ಬ್ಲೌಸು ಅನ್ನ ಹಾಕುತ್ತಿದೆ. ಅಕ್ಕ ಮಾತ್ರ ಬ್ಲೌಸು ಅನ್ನುತ್ತಿರಲಿಲ್ಲ, ಕುಬಸ ಅನ್ನುತ್ತಿದ್ದಳು. ಮದುವೆಯಾಗಿ ತಾಂಡೂರಿಗೆ ಹೋಗಿ ಮೂವತ್ತೈದು ವರ್ಷವಾದರೂ ಅಲ್ಲಿಯ ಟೇಲರುಗಳ ಕೈಗೆ ಒಂದು ಬಟ್ಟೆ ಕೊಡಲಿಲ್ಲ. ಅವರು ತೋಳು ಕತ್ತರಿಸುವುದನ್ನು ಕುಂಬಳಕಾಯಿ ಹೋಳು ಮಾಡುವುದಕ್ಕೆ ಹೋಲಿಸಿ ಬೈಯುತ್ತಿದ್ದಳು. ವರ್ಷಕ್ಕೆ ಎರಡು ಸಲ ಬಟ್ಟೆ ಕಟ್ಟಿಕೊಂಡು ಬರುವಳು, ನನ್ನ ಮಶೀನಿನ ಪಕ್ಕದಲ್ಲಿ ಕೂತು ಹೊಲಿಸಿಕೊಂಡು ಹೋಗುವಳು. ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲವೆಂದಾದ ಮೇಲೆ ಎರಡು ಸಲ ಹೋಗಿ ನಾಲ್ಕಾಯಿತು.

ಆಕೆಗೆ ಇನ್ನೊಂದು ಕೆಲಸವಿತ್ತು. ತಾಂಡೂರಿನ ಅವಳ ಓಣಿಯಲ್ಲಿ ಯಾವ ಹೆಂಗಸು ತೀರಿದರೂ ಹೆಣಕ್ಕೆ ನೀರು ಹಾಕಲು, ಸೀರೆ ಉಡಿಸಲು ಅಕ್ಕನನ್ನೇ ಕರೆಯುತ್ತಿದ್ದರು. ನಾಲ್ಕು ವರ್ಷದ ಹಿಂದೆ ನನ್ನ ಹೆಂಡತಿ ಹೋದಾಗ ಅವಳಿಗೂ ಉಡಿಸಿದವಳು ಅಕ್ಕನೇ. ಅವತ್ತು ಹೆಂಡತಿಯ ಕೊನೆಯ ಕುಬಸವನ್ನು ನಾನು ಹೊಲಿಯಲು ಕೂತೆ. ಎಂದಿನಂತೆ ಮುಂದೆ ಹುಕ್ಕಿನ ಪಟ್ಟಿ ಇಡಲು ಹೊರಟಿದ್ದೆ. ಅಕ್ಕ ಬಂದು ಕೈ ಹಿಡಿದಳು.

“ಬೆನ್ನ ಬಿಟ್ಟ ಹೊಲಿ ತಮ್ಮಾ. ಮೈ ಬಿಗಿ ಆಗ್ಯದ, ತೋಳ ಹಿಂದಕ್ಕ ಹೋಗಂಗಿಲ್ಲ. ಮುಂದಿಂದ ಹಾಕಿ ಹಿಂದ ಕಸಿ ಕಟ್ಟತೀನಿ.”

ಬೆನ್ನು ಸೀಳಿ, ಕಟ್ಟಲು ಎರಡೂ ಬದಿ ಕಸೆ ಇಟ್ಟು ಹೊಲಿದು ಕೊಟ್ಟೆ. ಮಣ್ಣು ಕೊಟ್ಟು ಬಂದು ಕೈಕಾಲು ತೊಳೆಯುವಾಗ ಆಕೆ, ನಂದೂ ನೀನೇ ಹೊಲಿಯಬೇಕು, ತಾಂಡೂರಿನವರ ಕೈಗೆ ಬಿಡಬೇಡ ಅಂದಳು. ಹೆಂಡತಿಯನ್ನು ಈಗಷ್ಟೇ ಮಣ್ಣಲ್ಲಿಟ್ಟು ಬಂದವನಿಗೆ ಹೇಳುವ ಮಾತೇ ಅದು? ನಾನು ಸಿಟ್ಟಾದೆ. ಆದರೆ ಮಾತು ಮನಸ್ಸಿನಲ್ಲಿ ಕೂತಿತು.

ಹೋದ ಪುಷ್ಯದಲ್ಲಿ, ಕಬ್ಬು ಕಡಿಯುವ ಹೊತ್ತಿನಲ್ಲಿ, ಒಂದು ಬೆಳಿಗ್ಗೆ ಆರೂವರೆಗೆ ಭಾವನ ಫೋನ್ ಬಂತು. ಭಾವ ತಾಂಡೂರಿನಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಕೊಯ್ಯುವ ಮಶೀನಿನ ಮೇಲೆ ಜೀವಮಾನ ಕಳೆದವರು. ಆ ಸದ್ದಿನಲ್ಲಿ ಮಾತಾಡಿ ಉಪಯೋಗವಿಲ್ಲವೆಂದು ಮಾತನ್ನೇ ಕಡಿಮೆ ಮಾಡಿಕೊಂಡವರು.

“ನಿಮ್ಮ ಅಕ್ಕಗ ಆರಾಮಿಲ್ರಿ. ಲಗೂನ ಬರ್ರಿ.”

ನಾನು ಹೂಂ ಅಂದೆ. ಕೇಳಲಿಲ್ಲ. ಫೋನಿಟ್ಟು ಮಶೀನಿನ ಮುಂದೆ ಕೂತುಬಿಟ್ಟೆ. ಆಕೆಗೆ ಹತ್ತು ವರ್ಷದಿಂದ ದಮ್ಮು, ಚಳಿಗಾಲದಲ್ಲಿ ಒಂದೆರಡು ಸಲ ದವಾಖಾನೆ ಕಂಡು ಬರುತ್ತಿದ್ದಳು. ಇಷ್ಟು ಸಲ ಬಂದವಳು ಈ ಸಲ ಬರಲಿಲ್ಲ ಎಂದುಕೊಂಡೆ. ಅಳು ಬರಲಿಲ್ಲ, ಸಿಟ್ಟು ಬಂತು. ಹೇಳದೆ ಕೇಳದೆ ಹೋಗಿಬಿಟ್ಟಳಲ್ಲ ಎಂದು.

ಮುತ್ತೈದೆ ತೀರಿದರೆ ನಮ್ಮಲ್ಲಿ ತವರಿನ ಸೀರೆ ಬರಬೇಕು. ಹಸಿರು ಸೀರೆ, ಅದಕ್ಕೊಪ್ಪುವ ಕುಬಸ. ಅದು ಬಂದು, ಮೈಗೆ ಸುತ್ತಿ, ಆಮೇಲೆ ಎತ್ತುವುದು. ಗಂಡನ ಮನೆಯಲ್ಲಿ ಎಷ್ಟು ಪಟ್ಟೆ ಸೀರೆ ಇದ್ದರೂ ಲೆಕ್ಕಕ್ಕಿಲ್ಲ. ಅಪ್ಪ ಅವ್ವ ಹೋದ ಮೇಲೆ ಆಕೆಗೆ ತವರು ಅಂತ ಉಳಿದವನು ನಾನೊಬ್ಬನೇ. ಹೊತ್ತು ಮುಳುಗುವುದರೊಳಗೆ ಮಣ್ಣು ಕೊಡುತ್ತಾರೆ. ಅಷ್ಟರಲ್ಲಿ ಸೀರೆ ಕೊಂಡು, ಕುಬಸ ಹೊಲಿದು, ತಾಂಡೂರು ಮುಟ್ಟಬೇಕು. ನನ್ನ ತಲೆಯಲ್ಲಿದ್ದದ್ದು ಅದೊಂದೇ. ನಾರಾಯಣಖೇಡದಲ್ಲಿ ಆ ಹೊತ್ತಿಗೆ ಬಟ್ಟೆ ಅಂಗಡಿ ತೆರೆಯುವುದಿಲ್ಲ. ಜಹೀರಾಬಾದಿನಲ್ಲಿ ಬಸ್ಸು ಬದಲಿಸಲೇಬೇಕು, ಅಲ್ಲಿಯೇ ಕೊಂಡರಾಯಿತು ಎಂದು ಕತ್ತರಿ, ಟೇಪು ಜೇಬಿಗೆ ಹಾಕಿಕೊಂಡು ಹೊರಟೆ. ಮಣ್ಣಾಗುವ ತನಕ ಬಾಯಿಗೆ ಏನೂ ಹಾಕಬಾರದು ಎಂಬುದು ನಮ್ಮ ಮನೆಯ ಪದ್ಧತಿ. ನೀರನ್ನೂ ಮುಟ್ಟಲಿಲ್ಲ.

ಬಸ್ಸು ತುಂಬ ಹೆಂಗಸರು. ಕಂಡಕ್ಟರ್ ಒಬ್ಬೊಬ್ಬರ ಆಧಾರ್ ಕಾರ್ಡು ನೋಡಿ ಜೀರೋ ಟಿಕೆಟ್ ಹರಿದು ಕೊಡುತ್ತಿದ್ದ. ಮುದುಕಿಯೊಬ್ಬಳು ಕಾರ್ಡನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಅದನ್ನು ಸೆರಗಿನಲ್ಲಿ ಗಂಟು ಹಾಕಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಅದರ ಮೇಲೆ ಶಾಲು ಹೊದ್ದಿದ್ದಳು. ಆಕೆ ಅದನ್ನು ಬಿಚ್ಚುವುದರೊಳಗೆ ಮುಂದಿನ ಊರು ಬಂತು. ಕಂಡಕ್ಟರ್ ತೆಲುಗಿನಲ್ಲಿ ಬೈದ, ಆಕೆ ಕನ್ನಡದಲ್ಲಿ ಬೈದಳು, ಇಬ್ಬರಿಗೂ ಎಲ್ಲ ಅರ್ಥವಾಯಿತು. ಎಲ್ಲರೂ ನಕ್ಕರು. ಬೇರೆ ದಿನವಾಗಿದ್ದರೆ ನಾನೂ ನಗುತ್ತಿದ್ದೆ. ಅವತ್ತು ನಗುವವರ ಬೆನ್ನನ್ನೇ ನೋಡುತ್ತ ಕೂತಿದ್ದೆ. ಟೇಲರಿಗೆ ಜನ ಬೆನ್ನಿನಿಂದಲೇ ಗುರುತು. ಯಾರದೋ ಹೊಲಿಗೆ ಸೊಟ್ಟ, ಯಾರದೋ ಕುತ್ತಿಗೆ ಅಗಲ. ನಾನು ಹೊಲಿದವು ಎರಡಿದ್ದವು. ಆ ಎರಡೂ ಬೆನ್ನು ನಗುತ್ತ ಅಲುಗಾಡುತ್ತಿದ್ದವು. ನನ್ನ ಅಕ್ಕ ಹೋದ ದಿನವೂ ಇವರು ನಗುತ್ತಾರಲ್ಲ ಎಂದು ಹೊಟ್ಟೆ ಉರಿಯಿತು. ಅವರಿಗೇನು ಗೊತ್ತು, ಪಾಪ.

ಮಾಂಜ್ರಾ ಸೇತುವೆಯ ಮೇಲೆ ಮಂಜು. ಕಿಟಕಿ ಪಕ್ಕದವಳು ಹೊಳೆಗೆ ಒಂದು ರೂಪಾಯಿ ಎಸೆದು ಕೈಮುಗಿದಳು. ಸೇತುವೆ ದಾಟಿದ ಮೇಲೆ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಂಡೆವು. ಎರಡು ಟ್ರಾಲಿ ಕಟ್ಟಿಕೊಂಡು, ರಸ್ತೆ ಪೂರಾ ಹಿಡಿದುಕೊಂಡು, ಹಾಡು ಹಚ್ಚಿಕೊಂಡು ಹೋಗುತ್ತವೆ. ಹಾರ್ನಿಗೆ ಬಗ್ಗುವವರಲ್ಲ. ಬಸ್ಸಿನ ಕಿಟಕಿಯಿಂದ ಕೈಚಾಚಿ ಒಬ್ಬ ಕಬ್ಬು ಎಳೆದುಕೊಂಡ, ಮುರಿದು ಪಕ್ಕದವರಿಗೆ ಹಂಚಿದ. ನನಗೂ ಒಂದು ತುಂಡು ಕೊಡಲು ಬಂದ. ಬೇಡವೆಂದು ಮುಖ ತಿರುಗಿಸಿದೆ. ಹಲ್ಲಿಲ್ಲೇನೋ ಪಾಪ ಎಂದು ಹಿಂದಿನವನಿಗೆ ಕೊಟ್ಟ.

ಜಹೀರಾಬಾದ್ ಮುಟ್ಟಿದಾಗ ಒಂಬತ್ತು ದಾಟಿತ್ತು. ಸ್ಟ್ಯಾಂಡಿನಲ್ಲಿ ತಾಂಡೂರು ಬಸ್ಸು ನಿಂತಿತ್ತು, ಕಂಡಕ್ಟರ್ ಬಾಗಿಲು ಬಡಿದು ಊರು ಕೂಗುತ್ತಿದ್ದ. ಅರ್ಧ ಖಾಲಿ. ನಾನು ಅದರ ಮುಂದೆಯೇ ಹಾದು, ರಸ್ತೆ ದಾಟಿ, ಬಟ್ಟೆ ಅಂಗಡಿಗಳ ಕಡೆ ನಡೆದೆ. ಆ ಬಸ್ಸನ್ನು ಹತ್ತಿದ್ದರೆ ಹನ್ನೆರಡರೊಳಗೆ ಅಕ್ಕನ ಮನೆಯಲ್ಲಿರುತ್ತಿದ್ದೆ. ಅದರ ಹಿಂದಿನ ಗಾಜು ಒಡೆದಿತ್ತು, ರಟ್ಟು ಅಂಟಿಸಿದ್ದರು. ಈಗಲೂ ಕಣ್ಣಿಗೆ ಕಟ್ಟಿದೆ.

ಅಂಗಡಿಗಳಿಗೆ ಇನ್ನೂ ಬೀಗ. ಹೈವೇ ಮೇಲೆ ಹೊಸ ಟ್ರ್ಯಾಕ್ಟರು ಹೊತ್ತ ಉದ್ದನೆಯ ಲಾರಿಗಳು ಹೋಗುತ್ತಿದ್ದವು. ಆಟೋದವರು ಮುಖಕ್ಕೆ ಮಫ್ಲರ್ ಸುತ್ತಿಕೊಂಡು ಚಹಾದ ಗ್ಲಾಸಿನಲ್ಲಿ ಕೈ ಕಾಯಿಸುತ್ತಿದ್ದರು. ಮೆಟ್ಟಿಲ ಮೇಲೆ ಒಂದು ಗಂಟೆ ಕೂತೆ. ಹತ್ತರ ಮೇಲೆ ಒಂದು ಅಂಗಡಿ ತೆರೆಯಿತು. ಹಸಿರು ಸೀರೆ ಬೇಕೆಂದೆ. ಅಂಗಡಿಯವನು ಯಾರಿಗೆ ಎಂದು ಕೇಳಿದ, ಅಕ್ಕನಿಗೆ ಎಂದೆ. ಬಹಳ ಖುಷಿಯಾಯಿತು ಅವನಿಗೆ. ಈ ಕಾಲದಲ್ಲಿ ಅಕ್ಕನಿಗೆ ಸೀರೆ ಒಯ್ಯುವ ತಮ್ಮಂದಿರು ಎಲ್ಲಿದ್ದಾರೆ ಎಂದು ಹೊಗಳುತ್ತ ಒಂದೊಂದೇ ಬಿಚ್ಚಿ ಹಾಸಿದ. ನಾನು ಅವನು ಹೇಳಿದಷ್ಟು ಕೊಟ್ಟು ಎದ್ದೆ. ಹಳೆ ಪೇಪರಿನಲ್ಲಿ ಸುತ್ತಿ ಕೊಡು ಅಂದರೆ ಕೇಳಲಿಲ್ಲ. ಅಕ್ಕನ ಮನೆಗೆ ಪೇಪರಿನಲ್ಲಿ ಒಯ್ಯುತ್ತಾರೆಯೇ ಎಂದು ಮದುವೆ ಹೆಣ್ಣಿನ ಚಿತ್ರವಿದ್ದ ಕೆಂಪು ಚೀಲದಲ್ಲಿ ಹಾಕಿ ಕೊಟ್ಟ.

ಸ್ಟ್ಯಾಂಡಿನ ಹಿಂದೆ ನನ್ನ ಹಳೆಯ ಜೊತೆಗಾರನ ಟೇಲರ್ ಅಂಗಡಿ. ಇಬ್ಬರೂ ಹುಡುಗರಿದ್ದಾಗ ಒಬ್ಬನೇ ಉಸ್ತಾದನ ಕೈಕೆಳಗೆ ಕಾಜಾ ಮಾಡುವುದನ್ನು ಕಲಿತವರು. ಮಶೀನು ಒಂದು ತಾಸು ಬೇಕೆಂದೆ. ಅವನು ಎದ್ದು ಜಾಗ ಬಿಟ್ಟ. ನಾನು ಸೀರೆಯ ಜೊತೆಗಿದ್ದ ತುಂಡು ಕತ್ತರಿಸಿ, ಮುಂಭಾಗವನ್ನು ಅಖಂಡ ಬಿಟ್ಟು, ಬೆನ್ನು ಸೀಳುವುದನ್ನು ನೋಡಿದ. ಟೇಲರಿಗೆ ಟೇಲರ್ ಏನು ಹೇಳಬೇಕು. ಹೋಗಿ ಮೊಬೈಲಿನಲ್ಲಿ ಹಾಡುತ್ತಿದ್ದುದನ್ನು ಆರಿಸಿದ, ಉಳಿದ ಬಟ್ಟೆಯಲ್ಲಿ ಕಸೆಗಳನ್ನು ತಾನೇ ಮಾಡತೊಡಗಿದ. ಅಕ್ಕನ ಅಳತೆ ನನಗೆ ಬಾಯಿಪಾಠ. ಎದೆ, ತೋಳು, ಕೊರಳು. ಬೇಗ ಮುಗಿಸಬಹುದಿತ್ತು. ಮುಗಿಸಲಿಲ್ಲ. ಕೊನೆಯದು, ಯಾರೂ ತಪ್ಪು ಹುಡುಕಿ ಹೆಸರಿಡಬಾರದು ಎಂದು ತೋಳಿಗೆ ಎರಡೆರಡು ಸಲ ಹೊಲಿಗೆ ಹಾಕಿದೆ, ಕೊರಳಿಗೆ ಸಣ್ಣ ಅಂಚು ಕೂಡಿಸಿದೆ. ಸೊಟ್ಟ ಹೋದದ್ದನ್ನು ಬಿಚ್ಚಿ ಮತ್ತೆ ಹಾಕಿದೆ. ನಡುವೆ ಭಾವನ ಫೋನ್ ಬಂತು, ಎತ್ತಲಿಲ್ಲ. ಹೆಣ ಕಾಯುತ್ತಿದೆ, ಎಲ್ಲಿದ್ದೀರಿ ಎಂದು ಕೇಳುತ್ತಾರೆ. ಇನ್ನೂ ಜಹೀರಾಬಾದಿನಲ್ಲೇ ಇದ್ದೇನೆ ಎಂದು ಯಾವ ಬಾಯಿಂದ ಹೇಳಲಿ? ಫೋನಿನ ಮೇಲೆಯೇ ಕೂತು ಹೊಲಿದೆ.

ಎರಡನೆಯ ಬಸ್ಸು ಸಿಕ್ಕಿದ್ದು ಹನ್ನೆರಡೂವರೆಗೆ. ಅದರಲ್ಲಿ ಕೂತ ಮೇಲೆ ಭಾವ ಮತ್ತೆ ಮಾಡಿದರು. ಎಲ್ಲಿದ್ದೀರಿ ಎಂದರು. ಜಹೀರಾಬಾದ್ ಬಿಟ್ಟೆ ಎಂದೆ. ಹಾಂ, ಬನ್ನಿ ಎಂದರು. ಅವರ ಹಿಂದೆ ಅಳುವ ಸದ್ದಿರಲಿಲ್ಲ. ಅತ್ತತ್ತು ಸಾಕಾಗಿ ಸುಮ್ಮನಾಗಿದ್ದಾರೆ ಎಂದುಕೊಂಡೆ. ಮನಸ್ಸು ಒಮ್ಮೆ ಒಂದು ಕಡೆ ವಾಲಿದರೆ ಎಲ್ಲವನ್ನೂ ಆ ಕಡೆಗೇ ಒಟ್ಟುತ್ತದೆ.

ಪಕ್ಕದಲ್ಲಿ ಎಳೆ ತಾಯಿಯೊಬ್ಬಳು ಕೂತಳು. ಮಡಿಲಲ್ಲಿ ವರ್ಷದ ಮಗು, ಕಾಲಿಗೆ ಗೆಜ್ಜೆ. ಮಗು ಕಾಲು ಚಾಚಿ ನನ್ನ ತೊಡೆಯ ಮೇಲಿದ್ದ ಕೆಂಪು ಚೀಲದ ಮೇಲಿಟ್ಟಿತು. ನಾನು ಬೆಂಕಿ ತಗುಲಿದವನಂತೆ ಚೀಲ ಎಳೆದುಕೊಂಡೆ. ಮಗು ಬೆಚ್ಚಿ ಅತ್ತಿತು.

“ಹೊಸಾ ಸೀರಿಗಿ ಮಣ್ಣ ಹತ್ತತದಂತ ಹಂಗ್ ಎಳ್ಕೊಂಡ್ರೇನ್ರಿ? ಕೂಸಿನ ಕಾಲಿಗಿ ಏನ್ ಮಣ್ಣ ಇರ್ತದ” ಎಂದಳು ತಾಯಿ. ಹೆಣದ ಸೀರೆಗೆ ಕೂಸಿನ ಕಾಲು ತಾಗಬಾರದು ತಾಯೀ ಎಂದು ಹೇಳಿದ್ದರೆ ಆಕೆ ಎದೆ ಹಿಡಿದುಕೊಳ್ಳುತ್ತಿದ್ದಳು. ಚೀಲವನ್ನು ಕಂಕುಳಿಗೆ ಸಿಕ್ಕಿಸಿಕೊಂಡೆ. ದಾರಿಯುದ್ದಕ್ಕೂ ನಾನು ಜಿಪುಣನೆಂದೇ ಆಕೆ ತಿಳಿದಳು, ಹಿಂದಿನ ಸೀಟಿನವರಿಗೂ ತಿಳಿಸಿದಳು.

ಬಸ್ಸು ಒಂದಷ್ಟು ದೂರ ಕರ್ನಾಟಕದ ಚಿಂಚೋಳಿ ಸೀಮೆಯೊಳಗೆ ಹೋಗಿ ಮತ್ತೆ ಈಚೆ ಬರುತ್ತದೆ. ತೆಲುಗು ಬೋರ್ಡುಗಳು ಕನ್ನಡವಾದವು, ಸ್ವಲ್ಪ ಹೊತ್ತಿಗೆ ಮತ್ತೆ ತೆಲುಗಾದವು. ಹೊಲ ಮಾತ್ರ ಅದೇ. ಕೊಯ್ದ ತೊಗರಿಯ ಕಟ್ಟುಗಳು ಬದುವಿಗೆ ಒರಗಿದ್ದವು, ರಸ್ತೆ ಮೇಲೆ ಹಾಸಿದ ತೊಗರಿ ಕಟ್ಟಿಗೆಯ ಮೇಲೆ ನಮ್ಮ ಬಸ್ಸೇ ಹಾದು ಒಕ್ಕಣೆ ಮಾಡಿಕೊಟ್ಟಿತು. ತಾಂಡೂರು ಹತ್ತಿರವಾದಂತೆ ಕಲ್ಲು. ಬೇಲಿ ಕಲ್ಲು, ಗೋಡೆ ಕಲ್ಲು, ಬಸ್ಸಿಗೆ ಕಾಯುವ ಕಟ್ಟೆ ಕಲ್ಲು, ಕೊಯ್ದ ಫರಸಿಯ ಸಾಲುಗಳು ರಸ್ತೆಯ ಎರಡೂ ಬದಿ. ಬೇವಿನ ಎಲೆಗಳ ಮೇಲೆ ಬೂದು ಧೂಳು ಕೂತಿತ್ತು. ಈ ಧೂಳಿನಲ್ಲಿ ಆಕೆ ಮೂವತ್ತೈದು ವರ್ಷ ಉಸಿರಾಡಿದಳಲ್ಲ ಎಂದು ಆಗ ಅಳು ಬಂತು. ಮಫ್ಲರಿನಲ್ಲಿ ಮುಖ ಮುಚ್ಚಿ ಅತ್ತೆ. ಆ ತಾಯಿ ನೋಡಿದಳು. ಇಳಿಯುವಾಗ ಮಗುವಿನ ಕೈಯಿಂದ ನನಗೆ ಟಾಟಾ ಮಾಡಿಸಿದಳು.

ಮೂರೂವರೆಗೆ ಅಕ್ಕನ ಓಣಿಯ ಬಾಯಲ್ಲಿ ಆಟೋ ಇಳಿದೆ. ಸಾವಿನ ಮನೆ ದೂರದಿಂದಲೇ ತಿಳಿಯುತ್ತದೆ. ಬಾಗಿಲ ಮುಂದೆ ಸಗಣಿ ಕುಳ್ಳಿನ ಹೊಗೆ, ಕಟ್ಟೆಯ ಮೇಲೆ ಟವೆಲ್ ಹೆಗಲಿನ ಗಂಡಸರು. ಅಲ್ಲಿ ಯಾರೂ ಇರಲಿಲ್ಲ. ಹಗ್ಗದ ಮೇಲೆ ಬಟ್ಟೆ ಒಣಗುತ್ತಿದ್ದವು. ತಡವಾಯಿತು, ನನ್ನ ಸೀರೆಗೆ ಕಾಯದೆ ಎತ್ತಿಬಿಟ್ಟಿದ್ದಾರೆ ಎಂದು ನೆತ್ತಿಗೇರಿತು ಸಿಟ್ಟು. ತವರಿಗೆ ಇಷ್ಟೇ ಏನು ಬೆಲೆ ಎಂದು ಭಾವನಿಗೆ ಕೇಳಲೇಬೇಕೆಂದು ಬಿರಬಿರ ನಡೆದೆ. ಬಾಗಿಲ ಹತ್ತಿರ ಬಂದಾಗ ಒಳಗಿನಿಂದ ಕೆಮ್ಮು ಕೇಳಿತು.

ಆ ಕೆಮ್ಮು ನನಗೆ ಗೊತ್ತು. ನನ್ನ ಮಶೀನಿನ ಪಕ್ಕದಲ್ಲಿ ಕೂತು ಕೆಮ್ಮುತ್ತಿದ್ದ ಕೆಮ್ಮು ಅದು. ಗೋಡೆ ಹಿಡಿದೆ. ಖುಷಿ ಬರಬೇಕಲ್ಲ? ಬಂದದ್ದು ಹೆದರಿಕೆ. ಕೈಯಲ್ಲಿ ಚೀಲವಿತ್ತು. ಆಟೋದಲ್ಲಿ ಇಟ್ಟು ಬರೋಣವೆಂದು ತಿರುಗಿದೆ, ಆಟೋ ಹೋಗಿತ್ತು. ಅಷ್ಟರಲ್ಲಿ ಅಕ್ಕನ ಮಗಳು ಹೊರಗೆ ಬಂದಳು. ಗಂಡನ ಮನೆಯಿಂದ ತಾಯಿಯ ಸೇವೆಗೆಂದು ಬಂದಿದ್ದವಳು.

“ಈಗ ಬಂದ್ಯಾ ಮಾಮಾ? ಅವ್ವ ಮುಂಜಾನಿಂದ ಬಾಗಲಾ ನೋಡಾಕತ್ಯಾಳ” ಅಂದಳು. ನಾನು ಬೆನ್ನ ಹಿಂದೆ ಮಾಡಿದ ಚೀಲವನ್ನು ನಗುತ್ತ ಕಿತ್ತುಕೊಂಡು, ಮಾಮ ಸೀರೆ ತಂದಿದ್ದಾನೆ ಎಂದು ಹೇಳುತ್ತ ಒಳಗೆ ಹೋದಳು. ನಾನು ಬೇಡ, ಇರು, ಆಮೇಲೆ ಎಂದು ಏನೇನೋ ಅಂದೆ. ಕೇಳುವವರು ಯಾರು.

ಅಕ್ಕ ಮಂಚದ ಮೇಲೆ ದಿಂಬುಗಳಿಗೆ ಒರಗಿ ಕೂತಿದ್ದಳು. ದೀಪಾವಳಿಗೆ ಕಂಡವಳಲ್ಲ, ಅರ್ಧ ಆಗಿದ್ದಳು. ಭಾವ ಮೂಲೆಯ ಕುರ್ಚಿಯಿಂದ ಎದ್ದು ಸಣ್ಣ ದನಿಯಲ್ಲಿ ಹೇಳಿದರು: ಹಿಂದಿನ ದಿನ ದವಾಖಾನೆಯಿಂದ ಕರೆತಂದದ್ದು, ಡಾಕ್ಟರ್ ಹೈದರಾಬಾದಿಗೆ ಒಯ್ಯಿರಿ ಅಂದದ್ದು, ಆಕೆ ಒಪ್ಪದ್ದು, ಬೆಳಿಗ್ಗೆ ಎದ್ದವಳು ತಮ್ಮನನ್ನು ಕರೆಸಿ ಅಂದದ್ದು. ಎಷ್ಟು ಮಾತಾಡಿದರು ಭಾವ! ಫೋನಿನಲ್ಲಿ ಇದರ ಕಾಲುಭಾಗ ಆಡಿದ್ದರೆ ಸಾಕಿತ್ತು. ಆಮೇಲೆ ಔಷಧಿ ತರಲು ಹೊರಗೆ ಹೋದರು.

ಅಕ್ಕ ಸೀರೆ ಮಡಿಲಲ್ಲಿಟ್ಟುಕೊಂಡು ಸವರಿದಳು. ಕುಬಸ ಬಿಡಿಸಿದಳು. ಮುಂದೆ ಹುಕ್ಕಿಗಾಗಿ ಬೆರಳಾಡಿಸಿದಳು, ಇರಲಿಲ್ಲ. ತಿರುಗಿಸಿದಳು. ಸೀಳಿದ ಬೆನ್ನು, ಎರಡೂ ಬದಿ ಕಸೆ. ಕೈ ಅಲ್ಲೇ ನಿಂತಿತು. ಮಗಳಿಗೆ ಚಹಾ ಇಡು ಎಂದು ಒಳಗೆ ಕಳಿಸಿದಳು. ನಾನು ನೆಲ ನೋಡುತ್ತ ನಿಂತಿದ್ದೆ.

“ಯಾರ ಹೇಳಿದ್ರು ನಿನಗ?”

“ಯಾರೂ ಹೇಳಿಲ್ಲಕ್ಕಾ. ಲಗೂನ ಬರ್ರಿ ಅಂದ್ರು.”

“ಹಂಗಾರ ಲಗೂನ ಬರಬೇಕಿತ್ತಲ್ಲ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆಕೆ ಬೈಯಲಿಲ್ಲ. ಉಸಿರು ಎಳೆದುಕೊಳ್ಳುತ್ತ ಕುಬಸದ ಕೊರಳಿನ ಅಂಚನ್ನು ನೋಡಿದಳು, ತೋಳಿನ ಎರಡೆಳೆ ಹೊಲಿಗೆ ನೋಡಿದಳು, ಎಷ್ಟು ಹೊತ್ತು ಹಿಡಿದಿರಬೇಕೆಂದು ಆಕೆಗೆ ತಿಳಿಯದ್ದೇ? ನನ್ನ ತುಟಿ ಒಣಗಿದ್ದು ನೋಡಿ, ನೀರೂ ಕುಡಿದಿಲ್ಲವಾ ಎಂದು ಕೇಳಿದಳು. ಯಾಕೆ ಕುಡಿದಿಲ್ಲವೆಂಬುದೂ ಆಕೆಗೆ ಗೊತ್ತಾಯಿತು. ತನ್ನ ತಂಬಿಗೆಯನ್ನೇ ನನ್ನ ಕಡೆ ಸರಿಸಿದಳು. ನಾನು ಕುಡಿಯುವಾಗ ಅವಳಿಗೆ ನಗು ಬಂತು, ನಗು ಕೆಮ್ಮಾಯಿತು.

“ಕೂಸು ಹುಟ್ಟಾಕಿಂತ ಮೊದಲ ಕುಲಾಯಿ ಹೊಲಿದ್ರಂತ. ನೀ ಈ ಕಡಿಂದ ಹೊಲ್ಕೊಂಡ ಬಂದೀ.”

ನಾನು ಅವಳ ಕಾಲ ಹತ್ತಿರ ಕೂತು ಅತ್ತೆ. ಅರವತ್ತು ಸಮೀಪಿಸಿದ ಗಂಡಸು, ನಾಚಿಕೆಯಿಲ್ಲದೆ ಅತ್ತೆ. ಅಳಲು ಬಿಟ್ಟಳು, ಆಮೇಲೆ ಗೂಡಿನಲ್ಲಿದ್ದ ಸೂಜಿ ದಾರದ ಡಬ್ಬಿ ತೆಗೆ ಎಂದಳು. ಬೆನ್ನು ಮುಚ್ಚಬೇಕಂತೆ, ಇವತ್ತೇ ಹಾಕಿಕೊಳ್ಳುತ್ತಾಳಂತೆ. ಹೊಸ ಕುಬಸ ಬದುಕಿದವರು ಹಾಕಿಕೊಳ್ಳುವುದಕ್ಕೆ ಇರುವುದು ಎಂದಳು.

ಆದರೆ ತೋಳೆತ್ತಿದರೆ ಅವಳಿಗೆ ಉಸಿರು ಕಟ್ಟುತ್ತಿತ್ತು. ತಲೆಯ ಮೇಲಿಂದ ಹಾಕುವಂತಿಲ್ಲ, ತೋಳು ಹಿಂದಕ್ಕೆ ಮಾಡುವಂತಿಲ್ಲ. ಕೊನೆಗೆ ಮಗಳು ಕುಬಸವನ್ನು ಮುಂದಿನಿಂದಲೇ ತೊಡಿಸಿದಳು. ನಾನು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದೆ. ಹೆಣಕ್ಕೆ ತೊಡಿಸುವ ರೀತಿ ಅದೇ ಎಂದು ಹುಡುಗಿಗೆ ಗೊತ್ತಿರಲಿಲ್ಲ. ಆಮೇಲೆ ಅಕ್ಕ ದಿಂಬು ತಬ್ಬಿಕೊಂಡು ಮುಂದೆ ಬಾಗಿದಳು, ನಾನು ಮಂಚದ ಅಂಚಿನಲ್ಲಿ ಕೂತು ಬೆನ್ನು ಹೊಲಿಯತೊಡಗಿದೆ. ಮೈಮೇಲಿನ ಬಟ್ಟೆಗೆ ಸೂಜಿ ಹಾಕಬಾರದು, ಅಪಶಕುನ ಎಂದು ತಡವರಿಸಿದೆ. ಇದಕ್ಕಿಂತ ದೊಡ್ಡದನ್ನು ಚೀಲದಲ್ಲಿ ತಂದಿದ್ದೀಯಲ್ಲ, ಹೊಲಿ ಎಂದಳು. ಕುಬಸ ದೊಗಳೆಯಾಗಿತ್ತು. ನನಗೆ ಬಾಯಿಪಾಠವಿದ್ದ ಅಳತೆಯವಳು ಈಗ ಇರಲಿಲ್ಲ. ಎರಡೂ ಕಡೆಯಿಂದ ಒಳಗೆ ಮಡಚಿ, ಮೂಳೆಗೆ ಸೂಜಿ ತಾಗದ ಹಾಗೆ ಬಟ್ಟೆಯ ಕೆಳಗೆ ನನ್ನ ಎಡಗೈಯ ಬೆರಳಿಟ್ಟುಕೊಂಡು, ಸಣ್ಣ ಸಣ್ಣ ಹೊಲಿಗೆ ಹಾಕಿದೆ. ಒಂದೊಂದು ಉಸಿರಿಗೂ ಬೆನ್ನು ಏರಿ ಇಳಿಯುತ್ತಿತ್ತು. ಇಳಿದಾಗ ಮಾತ್ರ ಸೂಜಿ ಹಾಕುತ್ತಿದ್ದೆ.

ಅರ್ಧ ಬೆನ್ನಿಗೆ ಬಂದಾಗ ಆಕೆ ದಿಂಬಿನೊಳಗಿಂದಲೇ ಮಾತಾಡಿದಳು.

“ಮುಂಜಾನಿ ಭಾಳ ನೆನಪಾಗಿತ್ತು ತಮ್ಮಾ. ಅಪ್ಪಂದು, ಅವ್ವಂದು. ನಿನಗೊಬ್ಬಗೇ ಹೇಳೂವು ಒಂದೆರಡ ಮಾತ ಇದ್ವು. ಆಗ ಉಸಿರ ಚಲೋ ಇತ್ತು. ಈಗ ದಮ್ ಸಾಲಂಗಿಲ್ಲ. ನಾಳಿಗಿ ಹೇಳ್ತೀನಿ.”

ನಾಳೆ ಹೇಳು, ಅವಸರವೇನು ಎಂದೆ.

ಸಂಜೆ ಓಣಿಯ ಹೆಂಗಸರು ಬಂದರು. ಅಕ್ಕ ಹಸಿರು ಸೀರೆಯನ್ನು ಚಾದರದ ಮೇಲೆ ಹೊದ್ದು ಕೂತಿದ್ದಳು, ತಮ್ಮ ತಂದ ತವರ ಸೀರೆ ಎಂದು ಎಲ್ಲರಿಗೂ ತೋರಿಸಿದಳು. ಅವರು ಬಣ್ಣ ಚೆನ್ನಾಗಿದೆ ಎಂದರು. ಒಬ್ಬಿಬ್ಬರು ನನ್ನ ಮುಖ ನೋಡಿದರು. ಮಗಳು ರೊಟ್ಟಿ, ಪಲ್ಯ ಬಡಿಸಿದಳು, ಅಕ್ಕನ ಎದುರೇ ಕೂತು ಉಂಡೆ. ಇನ್ನೊಂದು ರೊಟ್ಟಿ ಹಾಕು ಎಂದು ಆಕೆ ಕೈಸನ್ನೆಯಲ್ಲೇ ಹೇಳಿದಳು. ತಾನು ಎರಡು ಗುಟುಕು ಚಹಾ ಕುಡಿದಳು. ಬೇಗ ಮಲಗಿದಳು.

ಬೆಳಕು ಹರಿಯುವ ಹೊತ್ತಿಗೆ ಮಗಳು ಮುಟ್ಟಿ ನೋಡಿದಾಗ ಮೈ ತಣ್ಣಗಾಗಿತ್ತು. ಯಾವಾಗ ಹೋದಳೋ, ಪಕ್ಕದ ಕೋಣೆಯಲ್ಲಿ ಮಲಗಿದ್ದ ನನಗೂ ಗೊತ್ತಾಗಲಿಲ್ಲ. ಓಣಿಯವರು ಬಂದು ಅವಳನ್ನು ಗೋಡೆಗೆ ಆನಿಸಿ ಕೂಡಿಸಿದರು. ಈ ಓಣಿಯ ಹೆಣಗಳಿಗೆ ನೀರು ಹಾಕುತ್ತಿದ್ದವಳು ಅವಳೇ. ಅವಳಿಗೆ ಹಾಕುವವರು ಯಾರು ಎಂದು ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಹಿರಿಯಳೊಬ್ಬಳು ಮುಂದೆ ಬಂದಳು. ಮೈಗೆ ಹತ್ತಿದ ಕುಬಸ ಆಗುವುದಿಲ್ಲ, ಹೊಸದು ಬೇಕು, ಹೇಗೂ ಟೇಲರ್ ತಮ್ಮ ಇಲ್ಲೇ ಇದ್ದಾನಲ್ಲ, ಇನ್ನೊಂದು ಹೊಲಿಯಲಿ ಎಂದಳು. ನಾನು ಟೇಪಿಗಾಗಿ ಜೇಬಿಗೆ ಕೈ ಹಾಕಿದೆ.

“ಇದೇ ಇರ್ಲಿ ಅಂದಾಳ ಅವ್ವ” ಎಂದಳು ಮಗಳು ಅಳುತ್ತ. “ನಿನ್ನೆ ಮಲಗೂ ಮುಂದ ಹೇಳ್ಯಾಳ. ಮಾಮಾನ್ನ ಮತ್ತ ಮಶೀನಿನ ಮುಂದ ಕೂಡಸಬ್ಯಾಡ್ರಿ ಅಂದಾಳ.”

ಹಿರಿಯಳು ಆಮೇಲೆ ವಾದಿಸಲಿಲ್ಲ. ಆದರೆ ನೀರು ಹಾಕಲು ಅದನ್ನು ತೆಗೆಯಬೇಕಿತ್ತು. ಬೆನ್ನು ಬಿಚ್ಚದೆ ತೆಗೆಯುವಂತಿರಲಿಲ್ಲ. ಕತ್ತರಿ ಹಾಕಿದರೆ ಬಟ್ಟೆ ಹಾಳು. ಹೊಲಿದವನೇ ಬಿಚ್ಚಿಕೊಡಲಿ ಎಂದರು. ಹೆಂಗಸರು ಮುಂದುಗಡೆ ಒಂದು ಸೀರೆ ಅಡ್ಡ ಹಿಡಿದು ಅವಳನ್ನು ಗೋಡೆಯಿಂದ ಸ್ವಲ್ಪ ಮುಂದೆ ಸರಿಸಿದರು. ನಾನು ಒಂದು ಬ್ಲೇಡು ಹಿಡಿದು ಹಿಂದೆ ಕೂತೆ.

ಕೊರಳಿನಿಂದ ಶುರುಮಾಡಿದೆ. ಸಣ್ಣ ಹೊಲಿಗೆ, ಬಿಗಿ ಹೊಲಿಗೆ. ಬ್ಲೇಡಿನ ತುದಿ ಒಳಗೆ ಹೋಗಲು ಒಪ್ಪುತ್ತಿರಲಿಲ್ಲ. ನಿನ್ನೆ ಉಸಿರು ಇಳಿಯುವ ತನಕ ಕಾದು ಕಾದು ಹಾಕಿದ ಹೊಲಿಗೆಗಳು. ಈಗ ಯಾವುದಕ್ಕೂ ಕಾಯಬೇಕಿರಲಿಲ್ಲ. ಅಂಗಳದಲ್ಲಿ ಭಾವ ಫೋನ್ ಮಾಡುತ್ತಿದ್ದರು. ನಾಗಲಗಿದ್ದದಲ್ಲಿ ನಮ್ಮ ಚಿಕ್ಕಪ್ಪನ ಮಗಳಿದ್ದಾಳೆ, ಅಕ್ಕನಿಗೆ ಬಹಳ ಬೇಕಾದವಳು. ಅವಳಿಗೆ ಹೇಳುತ್ತಿದ್ದರು.

“ನಿಮ್ಮ ಅಕ್ಕಗ ಆರಾಮಿಲ್ರೀ. ಲಗೂನ ಬರ್ರಿ.”

ಆ ಕಡೆಯಿಂದ ಅವಳು ಏನಾದರೂ ಕೇಳುತ್ತಾಳೋ ಎಂದು ನಾನು ಕೈ ನಿಲ್ಲಿಸಿ ಕಿವಿಗೊಟ್ಟೆ. ಭಾವ ಫೋನು ಜೇಬಿಗಿಟ್ಟುಕೊಂಡರು. ಅರ್ಧ ಬೆನ್ನು ಬಿಚ್ಚಿತ್ತು, ‘ನಾಳಿಗಿ ಹೇಳ್ತೀನಿ’ ಎಂದು ಆಕೆ ಅಂದ ಜಾಗಕ್ಕೆ ಬಂದಿದ್ದೆ. ಅದರ ಕೆಳಗಿನ ಹೊಲಿಗೆಗೆ ಬ್ಲೇಡು ಹಾಕಿದೆ.